ಪಕ್ಕದಂಗಡಿಗೆ 22, ನನಗೇಕೆ 20?

ಪ್ರಶ್ನೆ: ನನ್ನ ಹಾರ್ಡ್‌ವೇರ್ ಅಂಗಡಿಯ ಜಿಎಸ್‌ಟಿ ರಿಟರ್ನ್‌ಗೆ 20ನೇ ತಾರೀಖು ಕಡೇ ದಿನ. ಪಕ್ಕದವರಿಗೆ 22. ಒಂದೇ ಬೀದಿಯಲ್ಲಿ ಹೀಗೇಕೆ?

ಉತ್ತರ: ನೀವು ತಿಂಗಳಿಗೊಮ್ಮೆ ಸಲ್ಲಿಸುವವರು, ಅವರು ಬಹುಶಃ ಮೂರು ತಿಂಗಳಿಗೊಮ್ಮೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದವರು ತ್ರೈಮಾಸಿಕ ಪದ್ಧತಿ ಆರಿಸಿಕೊಳ್ಳಬಹುದು. ನೀವು ಹೇಳುವ ರಿಟರ್ನ್, ಅಂದರೆ ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿಗೆ, ಅವರಿಗೆ ಕರ್ನಾಟಕದಲ್ಲಿ 22, ಉತ್ತರದ ಹಲವು ರಾಜ್ಯಗಳಲ್ಲಿ 24. ಎಲ್ಲರೂ ಒಂದೇ ದಿನ ಮುಗಿಬಿದ್ದು ಪೋರ್ಟಲ್ ಕುಸಿಯುತ್ತಿದ್ದುದರಿಂದ 2020ರಲ್ಲಿ ಹೀಗೆ ದಿನಾಂಕ ಹಂಚಿದರು. ತ್ರೈಮಾಸಿಕದವರೂ ಮೊದಲೆರಡು ತಿಂಗಳ ತೆರಿಗೆಯನ್ನು ಮರುತಿಂಗಳ 25ರೊಳಗೆ ಕಟ್ಟಲೇಬೇಕು. ಬಹಳ ಜನ ಎಡವುವುದು ಇಲ್ಲೇ.

ಆದರೆ ನೀವು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಬೇಕಾದದ್ದು 20ಕ್ಕಲ್ಲ, 11ಕ್ಕೆ. ಅಷ್ಟರೊಳಗೆ ಮಾರಾಟದ ವಿವರವಿರುವ ಜಿಎಸ್‌ಟಿಆರ್-1 ಸಲ್ಲಿಕೆಯಾಗಬೇಕು. ಅದರ ಆಧಾರದ ಮೇಲೆಯೇ 14ರಂದು ನಿಮ್ಮ ಗಿರಾಕಿ ವ್ಯಾಪಾರಿಗಳಿಗೆ ಸಿಗುವ ತೆರಿಗೆ ಕ್ರೆಡಿಟ್ ತೋರಿಸುವ 2ಬಿ ಪಟ್ಟಿ ಸಿದ್ಧವಾಗುತ್ತದೆ. ನೀವು ತಡಮಾಡಿದರೆ, ನಿಮಗೆ ತೆರಿಗೆ ಕೊಟ್ಟವರಿಗೆ ಆ ತಿಂಗಳು ಅದರ ಕ್ರೆಡಿಟ್ ಸಿಗುವುದಿಲ್ಲ. ಅವರು ಕೈಯಿಂದ ಹಣ ಹಾಕಬೇಕು. ದಂಡಕ್ಕಿಂತ ಇದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಅಂಥ ಗಿರಾಕಿ ಮತ್ತೆ ಬರುವುದು ಅನುಮಾನ.

3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ವ್ಯಾಪಾರವೇ ನಡೆಯದ ತಿಂಗಳಲ್ಲೂ ಶೂನ್ಯ ರಿಟರ್ನ್ ಸಲ್ಲಿಸಬೇಕು. ಮರೆತರೆ ದಿನಕ್ಕೆ 20 ರೂಪಾಯಿ.