ತೊಟ್ಟಿಯಲ್ಲಿ ಎರೆಹುಳು ಉಳಿಯಬೇಕಾದರೆ

ಹಿತ್ತಲಲ್ಲಿ ಎರೆಗೊಬ್ಬರದ ತೊಟ್ಟಿ ಇಟ್ಟವರ ದೂರು ಸಾಮಾನ್ಯವಾಗಿ ಒಂದೇ: "ಹುಳು ತಂದು ಬಿಟ್ಟೆವು, ತಿಂಗಳೊಳಗೆ ಎಲ್ಲಾ ಮಾಯ." ಹಸಿವಿನಿಂದ ಎರೆಹುಳು ಸಾಯುವುದು ಅಪರೂಪ. ನಾವು ಅಕ್ಕರೆಯಿಂದ ತುಂಬಿದ ಕಸವೇ ಅದಕ್ಕೆ ಮುಳುವಾಗುತ್ತದೆ.

ಮೊದಲು ಜಾತಿ ನೋಡಿ. ಹೊಲ ಅಗೆದಾಗ ಸಿಗುವ ಹುಳು ಮಣ್ಣಿನೊಳಗೆ ಬಿಲ ಕೊರೆದು ಬದುಕುವಂಥದ್ದು. ತೊಟ್ಟಿಗೆ ಒಗ್ಗದು. ಕಸದ ಮೇಲ್ಪದರದಲ್ಲೇ ಬಾಳುವ ಹುಳು ಬೇಕು. ನಮ್ಮಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು. ಒಂದು, ಐಸೀನಿಯಾ ಫೆಟಿಡಾ ಎಂಬ ಸಣ್ಣ ಕೆಂಪು ಹುಳು. ಇನ್ನೊಂದು, ಯೂಡ್ರಿಲಸ್ ಯೂಜಿನಿಯೆ ಎಂಬ ದಪ್ಪ ಆಫ್ರಿಕನ್ ಹುಳು. ಇದು ಚುರುಕಾಗಿ ತಿನ್ನುತ್ತದೆ, ಚಳಿ ಮಾತ್ರ ತಡೆಯದು. ಹೊಸಬರಿಗೆ ಸಣ್ಣ ಕೆಂಪು ಹುಳುವೇ ವಾಸಿ.

ಎರೆಹುಳುವಿಗೆ ಶ್ವಾಸಕೋಶವಿಲ್ಲ. ಒದ್ದೆ ಚರ್ಮದ ಮೂಲಕವೇ ಉಸಿರಾಟ. ಚರ್ಮ ಒಣಗಿದರೆ ಉಸಿರು ಕಟ್ಟುತ್ತದೆ. ನೀರು ನಿಂತು ಗಾಳಿಯಾಡದಿದ್ದರೂ ಅದೇ ಗತಿ. ಹದ ತಿಳಿಯುವುದು ಹೇಗೆ? ತೊಟ್ಟಿಯೊಳಗೆ ಹುಳುವಿಗೆಂದು ಹರಡಿದ ಪದರವೇ ಹಾಸು. ಅದರಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ಒಂದೆರಡು ಹನಿ ಜಿನುಗಿದರೆ ಸರಿ. ನೀರು ಇಳಿದರೆ ತರಗೆಲೆ, ಹರಿದ ಕಾಗದ ಸೇರಿಸಿ. ಉದುರು ಉದುರಾಗಿದ್ದರೆ ನೀರು ಚಿಮುಕಿಸಿ. ತೊಟ್ಟಿಯ ತಳದಲ್ಲಿ ತೂತು ಇರಲೇಬೇಕು.

ಹಾಸಿಗೆ ತರಗೆಲೆ, ಹಳೆಯ ಸಗಣಿ, ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ ಸಾಕು. ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಸಲ ತೊಳೆಯಿರಿ. ಹಸಿ ಸಗಣಿ ಬೇಡ. ಅದು ಕೊಳೆಯುವಾಗ ಕಾವು ಏರುತ್ತದೆ. ಅಡುಗೆಮನೆಯ ಕಸವನ್ನು ಬಕೆಟ್‌ಗಟ್ಟಲೆ ಸುರಿದರೂ ಹಾಗೆಯೇ. ಈ ಹುಳುಗಳಿಗೆ 15ರಿಂದ 28 ಡಿಗ್ರಿ ಹಿತ. 35 ದಾಟಿದರೆ ಉಳಿಯುವುದು ಕಷ್ಟ. ಕೈ ಹಾಕಿ ನೋಡಿ, ಬೆಚ್ಚಗೆನಿಸಿದರೆ ಕಸ ಹಾಕುವುದನ್ನು ನಿಲ್ಲಿಸಿ. ಬೇಸಿಗೆಯಲ್ಲಿ ತೊಟ್ಟಿ ನೆರಳಲ್ಲಿರಲಿ, ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ.

ದಿನಕ್ಕೆ ಎಷ್ಟು ಹಾಕಬಹುದು? ಅರ್ಧ ಕಿಲೋ ಹುಳು ಚೆನ್ನಾಗಿ ಒಗ್ಗಿದ ಮೇಲೆ ಸುಮಾರು ಕಾಲು ಕಿಲೋ ತಿನ್ನಬಲ್ಲದು. ಆರಂಭದಲ್ಲಿ ಅದರ ಅರ್ಧವೂ ಬೇಡ. ಹಿಂದಿನ ಸಿಪ್ಪೆ ಗುರುತು ಸಿಗದಂತೆ ಕರಗಿದ ಮೇಲೆ ಮುಂದಿನದು. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಟೀ ಚರಟ ಆಗುತ್ತದೆ. ದೇವರಿಗೆ ಏರಿಸಿದ ಹೂವೂ ಆಗುತ್ತದೆ. ಹೂ ಕಟ್ಟಿದ ಬಾಳೆನಾರು ಕರಗುತ್ತದೆ, ನೈಲಾನ್ ದಾರವಾದರೆ ಬಿಡಿಸಿ ಹಾಕಿ. ನಿಂಬೆ ಹೋಳು, ಹುಣಸೆ ಚರಟ, ಮೆಣಸಿನಕಾಯಿ ಬೇಡ. ಉಳಿದ ಸಾರು, ಉಪ್ಪಿನಕಾಯಿ ಅಂತೂ ಬೇಡವೇ ಬೇಡ. ಉಪ್ಪು ಹುಳುವಿನ ಮೈಯ ನೀರನ್ನೇ ಎಳೆದುಬಿಡುತ್ತದೆ.

ಹೊಸ ಹುಳುಗಳು ಮೊದಲೆರಡು ರಾತ್ರಿ ಗೋಡೆ ಹತ್ತಿ ಹೊರಡುವುದುಂಟು. ಮೇಲೊಂದು ದೀಪ ಹಾಕಿಟ್ಟರೆ ಬೆಳಕಿಗೆ ಹೆದರಿ ಒಳಗೇ ಇರುತ್ತವೆ. ಹಳೆಯ ಹುಳುಗಳೇ ಮುಚ್ಚಳಕ್ಕೆ ಅಂಟಿಕೊಂಡಿದ್ದರೆ ಒಳಗೇನೋ ಹುಳಿತಿದೆ. ಕೆದಕಿ ತೆಗೆಯಿರಿ. ಇರುವೆ ಸೇರಿಕೊಂಡರೆ ಹಾಸು ಒಣಗಿದೆಯೇ ನೋಡಿ, ತೊಟ್ಟಿಯ ಕಾಲುಗಳನ್ನು ನೀರಿನ ತಟ್ಟೆಯಲ್ಲಿಡಿ. ಇರುವೆ ಪುಡಿ ಹಾಕಿದರೆ ಹುಳುವೂ ಹೋಗುತ್ತದೆ.

ಖರ್ಚು ದೊಡ್ಡದಲ್ಲ. ಹಳೆಯ ಡ್ರಮ್ಮಿಗೆ ತೂತು ಕೊರೆದರೆ ತೊಟ್ಟಿ ಸಿದ್ಧ. ಹುಳು ಕಿಲೋಗೆ ಕೆಲವು ನೂರು ರೂಪಾಯಿ, ಊರಿನಿಂದ ಊರಿಗೆ ದರ ಬೇರೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದಲ್ಲಿ ಎರೆಗೊಬ್ಬರ ಮಾಡುವ ರೈತರಲ್ಲಿ ವಿಚಾರಿಸಿ. ಬರೀ ಹುಳು ತೂಗಿಸಿಕೊಳ್ಳುವ ಬದಲು ಹಾಸಿನ ಸಮೇತ ಕೇಳಿ ತನ್ನಿ. ಅದರಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ, ಹಳದಿ-ಕಂದು ಬಣ್ಣದ ಕಕೂನ್‌ಗಳು, ಅಂದರೆ ಮೊಟ್ಟೆಯ ಕೋಶಗಳು ಇರುತ್ತವೆ. ದಾರಿಯಲ್ಲಿ ಒಂದಷ್ಟು ಹುಳು ಸತ್ತರೂ ಮೂರ್ನಾಲ್ಕು ವಾರದಲ್ಲಿ ಈ ಕೋಶಗಳು ಒಡೆದು ಮರಿ ಬರುತ್ತವೆ.