ಎಂಜಿನ್ ಆರ್‌ಪಿಎಂ ಏರಿದಾಗ ಮೈಲೇಜ್ ಇಳಿಯುವುದೇಕೆ?

ವಾರಾಂತ್ಯದ ಮುಂಜಾನೆ ಹೆಬ್ಬಾಳದಿಂದ ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟದತ್ತ ಸಾಗುವ ವಾಹನಗಳ ಸಾಲಿನಲ್ಲಿ ಶಕ್ತಿಶಾಲಿ ಎಂಜಿನ್‌ನ ಕಾರುಗಳಿಗೆ ಕೊರತೆಯಿಲ್ಲ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, ಹುಂಡೈ ಐ20 ಎನ್ ಲೈನ್ ಮುಂತಾದ ಕಾರುಗಳನ್ನು ಕೊಳ್ಳುವವರು ಮೈಲೇಜ್ ಸ್ವಲ್ಪ ಕಡಿಮೆ ಎಂಬುದನ್ನು ತಿಳಿದೇ ಕೊಳ್ಳುತ್ತಾರೆ. ಆದರೆ ಎಂಜಿನ್ ಅಕಾರಣವಾಗಿ ಹೆಚ್ಚು ಸುತ್ತತೊಡಗಿ, ಜೊತೆಗೇ ಪೆಟ್ರೋಲ್ ಖರ್ಚೂ ಏರಿದರೆ ಅದನ್ನು 'ಸ್ಪೋರ್ಟ್ಸ್ ಕಾರಿನ ಗುಣ' ಎಂದು ಸುಮ್ಮನಿರುವುದು ತರವಲ್ಲ. ಹಾಗೆಂದು ಸ್ಪಾರ್ಕ್ ಪ್ಲಗ್, ಸೆನ್ಸರ್, ಕ್ಲಚ್ ಎಂದು ಒಂದೊಂದಾಗಿ ಬದಲಿಸುತ್ತಾ ಹೋಗುವುದೂ ದುಬಾರಿ ದಾರಿಯೇ. ಬಿಡಿಭಾಗ ಕೊಳ್ಳುವ ಮೊದಲು ಉತ್ತರಿಸಬೇಕಾದ ಒಂದು ಪ್ರಶ್ನೆಯಿದೆ: ಆರ್‌ಪಿಎಂ ಹೆಚ್ಚುವುದು ಕಾರು ನಿಂತಾಗಲೋ, ಓಡುವಾಗಲೋ?

ಈ ಎರಡು ಲಕ್ಷಣಗಳು ಮೇಲ್ನೋಟಕ್ಕೆ ಒಂದೇ ಎನಿಸಿದರೂ ಅವುಗಳ ಮೂಲ ಬೇರೆ ಬೇರೆ. ಮೊದಲನೆಯದು ಎಂಜಿನ್‌ನೊಳಗೆ ಗಾಳಿ ಮತ್ತು ಇಂಧನದ ಲೆಕ್ಕ ತಪ್ಪಿರುವುದನ್ನು ಸೂಚಿಸಿದರೆ, ಎರಡನೆಯದು ಎಂಜಿನ್‌ನ ಶಕ್ತಿ ಚಕ್ರಕ್ಕೆ ಪೂರ್ಣವಾಗಿ ತಲುಪುತ್ತಿಲ್ಲ ಎಂಬುದನ್ನು ಸೂಚಿಸುತ್ತದೆ.

ನಿಂತಾಗ ಹೆಚ್ಚಿದರೆ

ಎಂಜಿನ್ ಸಂಪೂರ್ಣ ಬಿಸಿಯಾದ ನಂತರ, ಎ.ಸಿ. ಮತ್ತು ದೀಪಗಳನ್ನು ಆರಿಸಿ, ನ್ಯೂಟ್ರಲ್‌ನಲ್ಲಿಟ್ಟಾಗ ಹೆಚ್ಚಿನ ಪೆಟ್ರೋಲ್ ಕಾರುಗಳ ಆರ್‌ಪಿಎಂ ಸುಮಾರು 700ರಿಂದ 900ರೊಳಗೆ ಸ್ಥಿರವಾಗಿರುತ್ತದೆ. ತಣ್ಣಗಿರುವ ಎಂಜಿನ್ ಆರಂಭದ ಒಂದೆರಡು ನಿಮಿಷ 1,200 ದಾಟುವುದು ಸಹಜ. ಎ.ಸಿ. ಹಾಕಿದಾಗ ಅಲ್ಪಸ್ವಲ್ಪ ಏರುವುದೂ ದೋಷವಲ್ಲ. ಬಿಸಿಯಾದ ಮೇಲೂ ಮುಳ್ಳು 1,200ರಿಂದ 1,500ರಲ್ಲೇ ನಿಂತರೆ ಅಥವಾ ಏರಿಳಿಯುತ್ತಿದ್ದರೆ ತಪಾಸಣೆ ಅಗತ್ಯ.

ಮೊದಲು ನೋಡಬೇಕಾದದ್ದು ಖರ್ಚಿಲ್ಲದ ಕಾರಣಗಳನ್ನು. ಕಾಲಡಿಯ ಮ್ಯಾಟ್ ಜಾರಿ ಆಕ್ಸಿಲರೇಟರ್ ಪೆಡಲ್ ಒತ್ತುತ್ತಿರಬಹುದು. ಇತ್ತೀಚೆಗೆ ಥ್ರಾಟಲ್ ಬಾಡಿ ಸ್ವಚ್ಛಗೊಳಿಸಿದ್ದರೆ ಅಥವಾ ಬ್ಯಾಟರಿ ಕಳಚಿದ್ದರೆ, ಅನೇಕ ಕಾರುಗಳಲ್ಲಿ ಕಂಪ್ಯೂಟರ್ ಥ್ರಾಟಲ್‌ನ ಹೊಸ ಸ್ಥಾನವನ್ನು ಮರಳಿ ಕಲಿಯಬೇಕಾಗುತ್ತದೆ. ಅಲ್ಲಿಯವರೆಗೆ ಆರ್‌ಪಿಎಂ ಹೆಚ್ಚಿರುವುದುಂಟು.

ನಂತರದ ಶಂಕಿತ ಗಾಳಿಯ ಸೋರಿಕೆ. ಇನ್‌ಟೇಕ್ ಮ್ಯಾನಿಫೋಲ್ಡ್‌ನ ರಬ್ಬರ್ ಕೊಳವೆ ಸೀಳಿದಾಗ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಆಮ್ಲಜನಕ ಸೆನ್ಸರ್ ಇದನ್ನು ಗ್ರಹಿಸಿದೊಡನೆ ಕಂಪ್ಯೂಟರ್ ಹೆಚ್ಚು ಇಂಧನ ಸುರಿಯುತ್ತದೆ. ಆರ್‌ಪಿಎಂ ಏರುತ್ತದೆ, ಮೈಲೇಜ್ ಇಳಿಯುತ್ತದೆ. ಮೂರನೆಯದು ಥರ್ಮೋಸ್ಟಾಟ್. ಅದು ತೆರೆದೇ ಉಳಿದರೆ ಎಂಜಿನ್ ಬಿಸಿಯೇರದೆ, ಕಂಪ್ಯೂಟರ್ ಅದನ್ನು ಸದಾ 'ತಣ್ಣಗಿನ ಎಂಜಿನ್' ಎಂದೇ ಭಾವಿಸಿ ಅಧಿಕ ಇಂಧನ ನೀಡುತ್ತಿರುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಉಷ್ಣಾಂಶದ ಮುಳ್ಳು ಕೆಳಗಿಳಿಯುವುದು ಇದರ ಸುಳಿವು. ಕೂಲೆಂಟ್ ಉಷ್ಣಾಂಶದ ಸೆನ್ಸರ್ ಕೆಟ್ಟರೂ ಪರಿಣಾಮ ಇದೇ.

ಓಡುವಾಗ ಹೆಚ್ಚಿದರೆ

ಮ್ಯಾನುಯಲ್ ಗೇರ್ ಕಾರಿನಲ್ಲಿ ಕ್ಲಚ್ ಹಿಡಿದಿರುವವರೆಗೆ ಎಂಜಿನ್ ಸುತ್ತು ಮತ್ತು ಚಕ್ರದ ಸುತ್ತು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಉದಾಹರಣೆಗೆ, ಟೈರಿನ ಸುತ್ತಳತೆ 1.9 ಮೀಟರ್ ಇದ್ದು, ಮೇಲಿನ ಗೇರ್‌ನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ 2.8 ಬಾರಿ ಸುತ್ತುವುದಾದರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಆರ್‌ಪಿಎಂ ಸುಮಾರು 2,450 ಇರಲೇಬೇಕು. ಏರಿನಲ್ಲಾಗಲಿ ಇಳಿಜಾರಿನಲ್ಲಾಗಲಿ ಈ ಸಂಖ್ಯೆ ಬದಲಾಗದು. ಅದೇ ಗೇರ್, ಅದೇ ವೇಗ, ಆದರೂ ಆರ್‌ಪಿಎಂ ಹೆಚ್ಚು ಎಂದಾದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ.

ಪರೀಕ್ಷೆ ಸರಳ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ, ವೇಗಮಿತಿಯೊಳಗೆ, ನಾಲ್ಕನೇ ಗೇರ್‌ನಲ್ಲಿ 2,000 ಆರ್‌ಪಿಎಂಗೆ ಬಂದು ಆಕ್ಸಿಲರೇಟರ್ ಪೂರ್ಣ ಒತ್ತಬೇಕು. ಆರ್‌ಪಿಎಂ ಮುಳ್ಳು ಜಿಗಿದು ವೇಗದ ಮುಳ್ಳು ಹಿಂದುಳಿದರೆ ಕ್ಲಚ್ ಪ್ಲೇಟ್ ಸವೆದಿದೆ. ಒಮ್ಮೆ ನೋಡಿದರೆ ಸಾಕು. ಪದೇ ಪದೇ ಮಾಡಿದರೆ ಉಳಿದ ಪ್ಲೇಟೂ ಸುಟ್ಟೀತು. ಟರ್ಬೊ ಎಂಜಿನ್‌ಗಳು ಕಡಿಮೆ ಆರ್‌ಪಿಎಂನಲ್ಲೇ ಹೆಚ್ಚಿನ ಟಾರ್ಕ್ ನೀಡುವುದರಿಂದ, ರೀಮ್ಯಾಪ್ ಮಾಡಿಸಿ ಶಕ್ತಿ ಹೆಚ್ಚಿಸಿಕೊಂಡ ಕಾರುಗಳಲ್ಲಿ ಮೂಲ ಕ್ಲಚ್ ಈ ಭಾರ ತಾಳದೆ ಬೇಗ ಸೋಲುತ್ತದೆ. ಜಾರುವ ಕ್ಲಚ್‌ನೊಂದಿಗೆ ನಂದಿಬೆಟ್ಟದ ತಿರುವುಗಳನ್ನೇರುವುದು ದಾರಿಮಧ್ಯೆ ನಿಲ್ಲುವ ಅಪಾಯವನ್ನು ಆಹ್ವಾನಿಸಿದಂತೆ.

ಆಟೋಮ್ಯಾಟಿಕ್ ಕಾರುಗಳ ಲೆಕ್ಕ ತುಸು ಭಿನ್ನ. 'ಸ್ಪೋರ್ಟ್' ವಿಧಾನದಲ್ಲಿ ಗೇರ್ ತಡವಾಗಿ ಬದಲಾಗುವುದು, ಸಿವಿಟಿಯಲ್ಲಿ ವೇಗಕ್ಕಿಂತ ಮೊದಲೇ ಆರ್‌ಪಿಎಂ ಏರುವುದು ಸಹಜ. ಟಾರ್ಕ್ ಕನ್ವರ್ಟರ್‌ನ ಲಾಕ್‌ಅಪ್ ಕ್ಲಚ್ ಹಿಡಿಯದಿದ್ದರೆ ಮಾತ್ರ ಸಮವೇಗದಲ್ಲೂ ಆರ್‌ಪಿಎಂ ನೂರಾರು ಹೆಚ್ಚು ತೋರಿಸುತ್ತದೆ.

ಸ್ಕ್ಯಾನರ್ ಏನು ಹೇಳುತ್ತದೆ?

ಭಾರತದಲ್ಲಿ 2013ರಿಂದ ಕಾರುಗಳಿಗೆ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಗಿದೆ. ಸ್ಟಿಯರಿಂಗ್‌ನ ಕೆಳಗಿರುವ ಸಾಕೆಟ್‌ಗೆ ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತಗಳು ದೊರೆಯುತ್ತವೆ. ಪಿ-0507 ಎಂದರೆ ನಿಂತಾಗಿನ ಆರ್‌ಪಿಎಂ ನಿರೀಕ್ಷೆಗಿಂತ ಹೆಚ್ಚು. ಪಿ-0171 ಎಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ. ಪಿ-0128 ಎಂದರೆ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ. ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಬಿಡಿಭಾಗವನ್ನಲ್ಲ ಎಂಬುದನ್ನು ಮರೆಯಬಾರದು.

ಇದಕ್ಕಿಂತ ಉಪಯುಕ್ತವಾದದ್ದು 'ಫ್ಯೂಯಲ್ ಟ್ರಿಮ್' ಎಂಬ ಅಂಕಿ. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಇಂಧನ ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬುದನ್ನು ಅದು ಶೇಕಡಾವಾರು ತೋರಿಸುತ್ತದೆ. ಶೇ. 10ನ್ನು ಮೀರಿದರೆ ಸಂಶಯಪಡಬೇಕು. ನಿಂತಾಗ ಹೆಚ್ಚಿದ್ದು, 2,500 ಆರ್‌ಪಿಎಂನಲ್ಲಿ ಸೊನ್ನೆಯ ಸಮೀಪಕ್ಕೆ ಇಳಿದರೆ ಗಾಳಿಯ ಸೋರಿಕೆಯೇ ಪ್ರಬಲ ಕಾರಣ. ಎರಡೂ ಕಡೆ ಹೆಚ್ಚಿದ್ದರೆ ಗಾಳಿ ಅಳೆಯುವ ಸೆನ್ಸರ್ ಅಥವಾ ಇಂಧನ ಪೂರೈಕೆಯನ್ನು ಪರೀಕ್ಷಿಸಬೇಕು. ಋಣಾತ್ಮಕವಾಗಿದ್ದರೆ ಸೋರುವ ಇಂಜೆಕ್ಟರ್‌ನ ಸಾಧ್ಯತೆಯಿದೆ.

ದೋಷವಿಲ್ಲದೆಯೂ ಇಳಿಯುವ ಮೈಲೇಜ್

ಮೈಲೇಜ್ ಇಳಿದಿದ್ದಕ್ಕೆಲ್ಲ ಎಂಜಿನ್ ಹೊಣೆಯಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೆಲಮಂಗಲ ಅಥವಾ ಹೊಸಕೋಟೆಯ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ಬದಲು 100 ಕಿ.ಮೀ. ವೇಗದಲ್ಲಿ ಸಾಗಿದರೆ ಆ ಪ್ರತಿರೋಧ ಶೇ. 56ರಷ್ಟು ಹೆಚ್ಚುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯಲ್ಲಿ ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ. ಆದ್ದರಿಂದ ಟರ್ಬೊ ಇಲ್ಲದ ಎಂಜಿನ್ ಕರಾವಳಿಯಲ್ಲಿ ನೀಡುವಷ್ಟೇ ಶಕ್ತಿಗಾಗಿ ಇಲ್ಲಿ ಹೆಚ್ಚು ಸುತ್ತಬೇಕಾಗುತ್ತದೆ.

ಇಂಧನವೂ ಬದಲಾಗಿದೆ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿದೆ. ಶೇ. 20 ಎಥನಾಲ್ ಮಿಶ್ರಣದಿಂದ, ಎಥನಾಲ್‌ರಹಿತ ಪೆಟ್ರೋಲ್‌ಗಾಗಿ ವಿನ್ಯಾಸಗೊಂಡು ಶೇ. 10ರ ಮಿಶ್ರಣಕ್ಕೆ ಹೊಂದಿಸಲಾದ ಕಾರುಗಳ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಇದಕ್ಕೆ ಟೈರ್‌ನಲ್ಲಿ ಗಾಳಿ ಕಡಿಮೆಯಿರುವುದು, ಬ್ರೇಕ್ ಹಿಡಿದುಕೊಂಡಿರುವುದು ಸೇರಿದರೆ ಕೊರತೆ ಇನ್ನಷ್ಟು ಹೆಚ್ಚೀತು.

ಹೀಗಾಗಿ ದೂರುವ ಮೊದಲು ಅಳೆಯಬೇಕು. ಒಂದೇ ಬಂಕ್‌ನಲ್ಲಿ ಪಂಪ್ ತಾನಾಗಿ ನಿಲ್ಲುವವರೆಗೆ ಪೆಟ್ರೋಲ್ ತುಂಬಿಸಿ, 300–400 ಕಿ.ಮೀ. ಓಡಿಸಿ, ಮತ್ತೆ ಹಾಗೆಯೇ ತುಂಬಿಸಿ ಭಾಗಿಸುವುದು ವಿಶ್ವಾಸಾರ್ಹ ವಿಧಾನ. ಡ್ಯಾಶ್‌ಬೋರ್ಡ್‌ನ ಅಂಕಿ ಕೆಲವೊಮ್ಮೆ ಉದಾರವಾಗಿರುತ್ತದೆ. ಬೆಟ್ಟ ಇಳಿಯುವಾಗ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸವನ್ನೂ ಬಿಡುವುದು ಒಳಿತು. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜೆಕ್ಟರ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸುಡುತ್ತಲೇ ಇರುತ್ತದೆ, ಜೊತೆಗೆ ಬ್ರೇಕ್‌ಗಳೂ ಕಾಯುತ್ತವೆ.

ಪೆಡಲ್ ಬಿಟ್ಟರೂ ಆರ್‌ಪಿಎಂ ಇಳಿಯದಿದ್ದರೆ ಅದು ಉಳಿತಾಯದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ಬ್ರೇಕ್ ಬಲವಾಗಿ ಒತ್ತಿ, ನ್ಯೂಟ್ರಲ್‌ಗೆ ತಂದು, ರಸ್ತೆಯ ಬದಿಗೆ ನಿಲ್ಲಿಸಿದ ಬಳಿಕವಷ್ಟೇ ಎಂಜಿನ್ ಆರಿಸಬೇಕು. ಉಳಿದ ಸಂದರ್ಭಗಳಲ್ಲಿ ಆರ್‌ಪಿಎಂ ಯಾವಾಗ, ಯಾವ ಗೇರ್‌ನಲ್ಲಿ, ಎಷ್ಟು ವೇಗದಲ್ಲಿ ಏರುತ್ತದೆ ಎಂಬುದನ್ನು ಬರೆದಿಟ್ಟುಕೊಂಡು ಗ್ಯಾರೇಜಿಗೆ ಹೋಗುವ ಮಾಲೀಕರಿಗೆ ಅನಗತ್ಯ ಬಿಡಿಭಾಗಗಳ ಬಿಲ್ ತಪ್ಪುವ ಸಾಧ್ಯತೆಯೇ ಹೆಚ್ಚು.