ಬೆರಳಿನಿಂದ ಮಿಲಿಗ್ರಾಂವರೆಗೆ

ಹ್ಯಾಂಬರ್ಗಿನ ಸಾಂಕ್ಟ್ ಗೇಯೋರ್ಗ್ ಆಸ್ಪತ್ರೆಯ ಆವರಣದಲ್ಲಿ ಒಂದು ಕಲ್ಲಿನ ಸ್ಮಾರಕವಿದೆ. 1936ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿದಾಗ ಅದರ ಮೇಲೆ 15 ದೇಶಗಳ ನೂರೈವತ್ತಕ್ಕೂ ಹೆಚ್ಚು ಹೆಸರುಗಳಿದ್ದವು. 1959ರ ಹೊತ್ತಿಗೆ 359 ಆದವು. ಎಲ್ಲರೂ ಎಕ್ಸ್‌ರೇ, ರೇಡಿಯಂಗಳ ಜೊತೆ ಕೆಲಸ ಮಾಡಿ ಜೀವ ತೆತ್ತವರು. ಮೇರಿ ಕ್ಯೂರಿಯೂ ಆ ಸಾಲಿನಲ್ಲಿದ್ದಾರೆ. ಸ್ಕ್ಯಾನಿಂಗ್‌ಗೆ ಎಷ್ಟು ಖರ್ಚು ಎಂದರೆ ನಾವು ರಸೀದಿ ತೆಗೆದು ನೋಡುತ್ತೇವೆ. ಈ ಊರಿನಲ್ಲಿ ಲೆಕ್ಕ ಶುರುವಾಗುವುದು ಈ ಕಲ್ಲಿನಿಂದ.

ಭೌತವಿಜ್ಞಾನಿ ರಾಂಟ್‌ಜೆನ್ ಎಕ್ಸ್‌ರೇ ಎಂಬ ಹೊಸ ಕಿರಣ ಕಂಡದ್ದು 1895ರ ನವೆಂಬರ್ 8ರಂದು. ಮರುವರ್ಷವೇ ಹ್ಯಾಂಬರ್ಗಿನ ಗಾಜು ಊದುವ ಕುಶಲಿ ಸಿ.ಎಚ್.ಎಫ್. ಮ್ಯೂಲರ್ ಎಕ್ಸ್‌ರೇ ಕೊಳವೆ ಮಾಡತೊಡಗಿದರು. ಕೊಳವೆ ಸರಿಯಾಗಿ ಉರಿಯುತ್ತಿದೆಯೇ ಎಂದು ನೋಡಲು ಆ ಕಾಲದವರಿಗೆ ಇದ್ದ ಅಗ್ಗದ ಮಾಪಕ ತಮ್ಮದೇ ಕೈ. ಪರದೆಯ ಮುಂದೆ ಹಿಡಿದು ಮೂಳೆ ಸ್ಪಷ್ಟವಾಗಿ ಕಂಡರೆ ಸರಿ ಅನ್ನುತ್ತಿದ್ದರು. ದಿನಕ್ಕೆ ಹತ್ತಾರು ಸಲ ಹೀಗೆ. ಮೊದಲು ಚರ್ಮ ಸುಡುತ್ತಿತ್ತು, ಆಮೇಲೆ ಬೆರಳು ಹೋಗುತ್ತಿತ್ತು. ಅದೇ ಸಾಂಕ್ಟ್ ಗೇಯೋರ್ಗ್ ಆಸ್ಪತ್ರೆಯ ಹೈನ್‌ರಿಚ್ ಆಲ್ಬರ್ಸ್-ಶೋನ್‌ಬರ್ಗ್ ಗಂಡು ಮೊಲಗಳ ಮೇಲೆ ಕಿರಣ ಹಾಯಿಸಿ, ಅವು ಸಂತಾನಶಕ್ತಿ ಕಳೆದುಕೊಳ್ಳುವುದನ್ನು 1903ರಲ್ಲೇ ತೋರಿಸಿದ್ದರು. ಅಪಾಯ ಗೊತ್ತಿದ್ದ ಆ ವೈದ್ಯರೂ ಎಡಗೈ ಕಳೆದುಕೊಂಡು 1921ರಲ್ಲಿ, 56ನೇ ವಯಸ್ಸಿಗೆ ತೀರಿಕೊಂಡರು.

ಈಗ ಬೆಲೆಯ ಏಕಮಾನ, ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಸಿಗುತ್ತದೆ. ತಲೆಯ ಒಂದು ಸಿಟಿ ಸ್ಕ್ಯಾನ್ ಸುಮಾರು 2. ಅಂದರೆ ಹತ್ತು ತಿಂಗಳ ಪಾಲು ಒಂದೇ ಮಧ್ಯಾಹ್ನ. ಒಮ್ಮೆಗಾದರೆ ಚಿಂತೆಯಿಲ್ಲ. ಆದರೆ ಮೆದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದವರನ್ನು ಮತ್ತೆ ಮತ್ತೆ ನೋಡಬೇಕು, ಪ್ರತಿಸಲವೂ ಐಸಿಯುವಿನಿಂದ ಹಾಸಿಗೆ ಸಮೇತ ತಳ್ಳಿಕೊಂಡು ಹೋಗಬೇಕು.

ಮ್ಯೂಲರ್ ಕಂಪನಿಯನ್ನು ಫಿಲಿಪ್ಸ್ 1927ರಲ್ಲಿ ಕೊಂಡಿತು. ಅದೇ ಫಿಲಿಪ್ಸ್‌ನ ಹ್ಯಾಂಬರ್ಗ್ ಸಂಶೋಧನಾಲಯದ ಬೆರ್ನ್‌ಹಾರ್ಡ್ ಗ್ಲೈಶ್ ಮತ್ತು ಯೂರ್ಗೆನ್ ವೈಟ್ಸೆನೆಕರ್ ವಿಕಿರಣದ ಹಂಗೇ ಇಲ್ಲದ ದಾರಿಯೊಂದನ್ನು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು: ಕಾಂತೀಯ ಕಣ ಚಿತ್ರಣ. ರಕ್ತಕ್ಕೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣ ಬಿಡುತ್ತಾರೆ. ಎದುರುಬದುರು ಕಾಂತಗಳ ನಡುವೆ ಬಲ ಶೂನ್ಯವಾಗುವ ಒಂದು ಬಿಂದು ಇರುತ್ತದೆ. ಅಲ್ಲಿನ ಕಣ ಮಾತ್ರ ಉತ್ತರ ಕೊಡುತ್ತದೆ. ಆ ಬಿಂದುವನ್ನು ದೇಹದೊಳಗೆ ಓಡಾಡಿಸಿದರೆ ಚಿತ್ರ.

2009ರಲ್ಲಿ ಇಲಿಯ ಮಿಡಿಯುವ ಹೃದಯ ಕಂಡಿತು. ಒಂದು ಮೂರು ಆಯಾಮದ ಚಿತ್ರಕ್ಕೆ 21.5 ಮಿಲಿಸೆಕೆಂಡ್, ಸೆಕೆಂಡಿಗೆ 46 ಚಿತ್ರ. ನಿಮಿಷಕ್ಕೆ 72 ಸಲ ಬಡಿಯುವ ನಮ್ಮ ಹೃದಯವಾದರೆ ಪ್ರತಿ ಬಡಿತಕ್ಕೆ ಮೂವತ್ತೆಂಟು!

ಕಬ್ಬಿಣ ಎಷ್ಟು? ಎಂಆರ್‌ಐಗೆಂದು ಬಂದ, ಇಲ್ಲಿಯೂ ಒದಗಿದ ರೆಸೊವಿಸ್ಟ್ ಎಂಬ ಔಷಧ 60 ಕಿಲೋ ದಾಟಿದವರಿಗೆ 1.4 ಮಿಲಿಲೀಟರ್, ಅದರಲ್ಲಿ 39 ಮಿಲಿಗ್ರಾಂ ಕಬ್ಬಿಣ. ನಮ್ಮ ರಕ್ತದಲ್ಲಿ ಮಿಲಿಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ಅಂದರೆ ದರ್ಶಿನಿಯ ಪುಟ್ಟ ಕಾಫಿ ಲೋಟದಷ್ಟು ರಕ್ತದಲ್ಲಿರುವ ಕಬ್ಬಿಣ, ಅಷ್ಟೇ. ವಿಚಿತ್ರವೆಂದರೆ ಈ ಔಷಧವೇ ಕೆಲ ಕಾಲ ಯುರೋಪಿನ ಮಾರುಕಟ್ಟೆಯಿಂದ ಮಾಯವಾಗಿತ್ತು. ಯಂತ್ರ ಬೆಳೆಯುತ್ತಿತ್ತು, ಹಾಕಲು ಮಸಿಯಿರಲಿಲ್ಲ.

ತೊಡಕಿರುವುದು ಗಾತ್ರದಲ್ಲಿ. ಆ ಇಲಿಯಲ್ಲಿ ಕಂಡ ಜಾಗ 20.4 x 12 x 16.8 ಮಿಲಿಮೀಟರ್, ಗುಣಿಸಿದರೆ 4.1 ಮಿಲಿಲೀಟರ್, ಟೀ ಚಮಚ ತುಂಬದು. ಮನುಷ್ಯನ ಮೆದುಳು ಅದರ ಮುನ್ನೂರು ಪಟ್ಟಿಗೂ ಮಿಕ್ಕಿದ್ದು. ಅಷ್ಟು ಜಾಗದಲ್ಲಿ ಅದೇ ಹರಿತದ ಕಾಂತಕ್ಷೇತ್ರ ಬೇಕೆಂದರೆ ಕರೆಂಟು ಹೊಂದಿಸುವುದೇ ಕಷ್ಟ. ಹ್ಯಾಂಬರ್ಗಿನದೇ ಎಪ್ಪೆನ್‌ಡಾರ್ಫ್ ವಿಶ್ವವಿದ್ಯಾಲಯ ಆಸ್ಪತ್ರೆಯ ಟೋಬಿಯಾಸ್ ಕ್ನಾಪ್ ಅವರ ತಂಡ ಇಲ್ಲಿ ಚೌಕಾಸಿ ಮಾಡಿತು: ಹರಿತ ಬಿಟ್ಟುಕೊಟ್ಟು, ಕಡಿಮೆ ವಿದ್ಯುತ್ತಿನ, ಐಸಿಯುವಿನ ಹಾಸಿಗೆಯ ಪಕ್ಕಕ್ಕೇ ತರಬಹುದಾದ ಯಂತ್ರ. 2019ರಲ್ಲಿ ಪ್ರಕಟವಾದ ಆ ಯಂತ್ರ ಸೆಕೆಂಡಿಗೆ 2 ಚಿತ್ರ ಕೊಡುತ್ತದೆ. ಸೂಕ್ಷ್ಮ ನಾಳ ಕಾಣದು; ರಕ್ತ ಮೆದುಳಿನ ಯಾವ ಭಾಗಕ್ಕೆ ತಲುಪಿಲ್ಲ ಎಂಬುದು ಕಂಡರೆ ರಾತ್ರಿಪಾಳಿಯ ವೈದ್ಯರಿಗೆ ಸಾಕು. ಆಗ ಅದರೊಳಗೆ ಇಟ್ಟು ನೋಡಿದ್ದು ಯಾರ ಕೈಯನ್ನೂ ಅಲ್ಲ, ತಲೆಯನ್ನೂ ಅಲ್ಲ. ಮೆದುಳಿನ ಅಳತೆಗೆ ಮಾಡಿದ ಒಂದು ಮಾದರಿಯನ್ನು.